ಸಿರಾ ದ್ರಾಕ್ಷಿಯ ಖಡಕ್‌ತನ ಹುಟ್ಟಿನದ್ದೋ, ಬೆಳೆದ ಜಾಗದ್ದೋ?

ಬಳ್ಳಿಗಾರ:

ಎಲ್ಲರಿಗೂ ನಮಸ್ಕಾರ. ಖಡಕ್ ಕೆಂಪು ವೈನ್ ಅಂದ ಕೂಡಲೇ ಜನರ ಬಾಯಲ್ಲಿ ಬರುವ ಹೆಸರು ಶಿರಾಜ್. ಮಸಿಯಂಥ ಬಣ್ಣ, ಜಾಮ್ ವಾಸನೆ, ಶೇ. 15ರ ಆಸುಪಾಸು ಆಲ್ಕೋಹಾಲ್, ಗುಟುಕು ಇಳಿದ ಮೇಲೂ ನಾಲಿಗೆ ಮೇಲೆ ಕೂತಿರುವ ಭಾರ. ಆಸ್ಟ್ರೇಲಿಯಾದ ಬರೋಸಾ ಕಣಿವೆಯ ವೈನ್ ಕುಡಿದವರು ಹೀಗೇ ಹೇಳುತ್ತಾರೆ.

ಅದೇ ದ್ರಾಕ್ಷಿಗೆ ಫ್ರಾನ್ಸ್‌ನ ಉತ್ತರ ರೋನ್ ಕಣಿವೆಯಲ್ಲಿ ಸಿರಾ ಅಂತ ಹೆಸರು. ತಳಿ ಒಂದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿನ ಕೋತ್-ರೋತಿಯ ಬಾಟಲಿ ತೆರೆದರೆ ಬರುವುದು ಕರಿಮೆಣಸು, ಕಪ್ಪು ಆಲಿವ್, ಹೊಗೆ, ವಯೊಲೆಟ್ ಹೂವಿನ ವಾಸನೆ. ಹುಳಿ ಚುರುಕಾಗಿರುತ್ತದೆ. ಮೈ ಅಷ್ಟೇನೂ ಭಾರವಲ್ಲ.

ನನ್ನ ವಾದ ಇಷ್ಟು. ಈ ದ್ರಾಕ್ಷಿ ಹುಟ್ಟಾ ಖಡಕ್ ಅಲ್ಲವೇ ಅಲ್ಲ. ನಾವು ಖಡಕ್ ಅನ್ನುವುದೆಲ್ಲ ಆಸ್ಟ್ರೇಲಿಯಾದ ಬಿಸಿಲು ಮತ್ತು ಓಕ್ ಮರದ ಪೀಪಾಯಿ ಸೇರಿ ಮಾಡಿದ್ದು. ಒಪ್ಪದವರು ಹೇಳಿ, ಜಗಳಕ್ಕೆ ಸಿದ್ಧ.

ಹಳೇ ಪೀಪಾಯಿ:

ಬಳ್ಳಿಗಾರರೇ, ಆಸ್ಟ್ರೇಲಿಯಾದಲ್ಲಿ ಒಂದೇ ಒಂದು ಸಿರಾ ಬಳ್ಳಿ ಇಲ್ಲದ ಕಾಲದಲ್ಲೇ ಈ ದ್ರಾಕ್ಷಿಗೆ ಗಟ್ಟಿಗ ಅನ್ನುವ ಹೆಸರಿತ್ತು. ಅದೂ ಫ್ರಾನ್ಸ್‌ನಲ್ಲೇ.

ರೋನ್ ನದಿಯ ಎಡದಂಡೆಯಲ್ಲಿ, ತೇನ್-ಲೆರ್ಮಿತಾಜ್ ಊರಿನ ನೆತ್ತಿಯ ಮೇಲೆ ಒಂದು ಗುಡ್ಡ ಇದೆ. ಅದೇ ಎರ್ಮಿತಾಜ್. ಇಡೀ ತೋಟ 140 ಹೆಕ್ಟೇರ್ ಕೂಡ ಇಲ್ಲ. ದಕ್ಷಿಣಕ್ಕೆ ಮುಖ ಮಾಡಿ ಕೂತ ಇಳಿಜಾರು, ದಿನವಿಡೀ ಬಿಸಿಲು. ಪಶ್ಚಿಮದ ತುದಿಯಲ್ಲಿ ಲೆ ಬೆಸಾರ್ ಅನ್ನುವ ಭಾಗದ ನೆಲ ಪೂರ್ತಿ ಗ್ರಾನೈಟ್. ಅಲ್ಲಿನ ವೈನ್‌ಗೆ ಎಂಥ ಒಗರು ಅಂದರೆ, ಹತ್ತಿಪ್ಪತ್ತು ವರ್ಷ ಇಟ್ಟರೂ ಸುಮ್ನೆ ಬಗ್ಗುವುದಿಲ್ಲ.

18 ಮತ್ತು 19ನೇ ಶತಮಾನದಲ್ಲಿ ಫ್ರಾನ್ಸ್‌ನದೇ ಇನ್ನೊಂದು ವೈನ್ ಸೀಮೆಯಾದ ಬೋರ್ದೋದ ವ್ಯಾಪಾರಿಗಳು ತಮ್ಮ ವೈನ್ ತೆಳುವಾದ ವರ್ಷ ಈ ಎರ್ಮಿತಾಜ್ ತರಿಸಿ ಬೆರೆಸುತ್ತಿದ್ದರು. ಕದ್ದುಮುಚ್ಚಿ ಅಲ್ಲ, ರಾಜಾರೋಷವಾಗಿ. 'ಎರ್ಮಿತಾಜ್ ಹಾಕಿದ್ದು' ಅಂತ ಹೇಳಿಯೇ ಜಾಸ್ತಿ ಬೆಲೆಗೆ ಮಾರುತ್ತಿದ್ದರು. ಅಲ್ಲಿನ ಲಾಫಿತ್ ತೋಟದ 1795ರ ವೈನ್‌ಗೂ ಹೀಗೆ ಬೆರೆಸಿದ್ದರು. ಆ ವರ್ಷದ ವೈನ್‌ಗಳಲ್ಲಿ ಜನ ಬಹಳ ಮೆಚ್ಚಿದ್ದು ಅದನ್ನೇ. ಬೋರ್ದೋದ ಹೆಸರಾಂತ ವೈನ್‌ಗೇ ಬೆನ್ನೆಲುಬು ಕೊಟ್ಟ ದ್ರಾಕ್ಷಿಯನ್ನು ಹುಟ್ಟಾ ಖಡಕ್ ಅಲ್ಲ ಅಂತ ಹೇಗೆ ಹೇಳುತ್ತೀರಿ?

ಸುಮ್ನೆ ಓದುಗ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇದು ಇರಾನಿನ ಶಿರಾಜ್ ಊರಿನಿಂದ ಬಂದ ದ್ರಾಕ್ಷಿ ಅಲ್ವಾ? ಧರ್ಮಯುದ್ಧಕ್ಕೆ ಹೋದ ಯಾರೋ ಯೋಧ ಕಡ್ಡಿ ತಂದು ಆ ಗುಡ್ಡದಲ್ಲಿ ನೆಟ್ಟ ಅಂತ ಓದಿದ್ದೆ.

ಹಳೇ ಪೀಪಾಯಿ:

ಆ ಕಥೆ ಬಿಡಿ ಸರ್. ಚೆನ್ನಾಗಿದೆ, ಅದಕ್ಕೇ ಇನ್ನೂ ಬದುಕಿದೆ.

ಕಥೆಯ ನಾಯಕ ಗ್ಯಾಸ್ಪಾರ್ ದ ಸ್ತೆರಿಂಬರ್ಗ್. 1224ರಲ್ಲಿ ಯುದ್ಧ ಸಾಕಾಗಿ ಗುಡ್ಡದ ಮೇಲೆ ಸನ್ಯಾಸಿ ಹಾಗೆ ನೆಲೆಸಿದ, ದ್ರಾಕ್ಷಿ ನೆಟ್ಟ ಅನ್ನುತ್ತಾರೆ. ಅಲ್ಲಿ ಒಂದು ಪುಟ್ಟ ಕಲ್ಲಿನ ಪ್ರಾರ್ಥನಾ ಮಂದಿರ ಈಗಲೂ ಇದೆ, ಫೋಟೋಗಳಲ್ಲಿ ನೋಡಿರುತ್ತೀರಿ. ತಮಾಷೆ ಏನೆಂದರೆ, ಅದೇ ಕಥೆಯಲ್ಲಿ ಅವನು ಕಾದಾಡಿದ್ದು ಫ್ರಾನ್ಸ್‌ನ ದಕ್ಷಿಣದ ಕ್ಯಾಥರ್ ಪಂಥದವರ ಮೇಲೆ. ಪರ್ಷಿಯಾಕ್ಕೆ ಹೋಗುವ ಮಾತೇ ಇಲ್ಲ. ಸಿಸಿಲಿಯ ಸಿರಾಕ್ಯೂಸ್‌ನಿಂದ ಬಂತು ಅನ್ನುವ ಇನ್ನೊಂದು ಕಥೆಯೂ ಇದೆ. ಅದಕ್ಕೂ ಆಧಾರ ಇಲ್ಲ.

1998ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಕ್ಯಾರೊಲ್ ಮೆರೆಡಿತ್ ಮತ್ತು ಫ್ರಾನ್ಸ್‌ನ ಮೊಂಪೆಲಿಯೆ ವಿಜ್ಞಾನಿಗಳು ಡಿಎನ್ಎ ಹೊಂದಿಸಿ ನೋಡಿದರು. ಅಪ್ಪ ಅಮ್ಮ ಇಬ್ಬರೂ ಸಿಕ್ಕರು. ಒಂದು ದುರೆಜಾ, ಅರ್ದೆಶ್ ಕಡೆಯ ಕೆಂಪು ದ್ರಾಕ್ಷಿ. ಇನ್ನೊಂದು ಮೊಂದೂಸ್ ಬ್ಲಾಂಶ್, ಸಾವ್ವಾ ಕಡೆಯ ಬಿಳಿ ದ್ರಾಕ್ಷಿ. ಎರಡೂ ರೋನ್ ನದಿಯ ಅಕ್ಕಪಕ್ಕದವು. ಎರಡನ್ನೂ ಇವತ್ತು ಕೇಳುವವರಿಲ್ಲ. ತೋಟಗಳಲ್ಲಿ ಹುಡುಕಬೇಕು, ಅಷ್ಟು ಕಡಿಮೆ.

ಹಾಗಾಗಿ ಸಿರಾ ಅಪ್ಪಟ ರೋನ್ ಸೀಮೆಯ ಕೂಸು. ಯಾರೂ ಬೇಕೆಂದು ಹುಟ್ಟಿಸಿದ್ದಲ್ಲ. ಯಾವುದೋ ತೋಟದಲ್ಲಿ ಎರಡು ಸಾಧಾರಣ ಬಳ್ಳಿಗಳ ಪರಾಗ ಕೂಡಿತು, ಬೀಜ ಮೊಳೆಯಿತು, ಯಾರೋ ರೈತ ಅದನ್ನು ಕಿತ್ತೆಸೆಯದೆ ಬಿಟ್ಟ. ನನಗಂತೂ ಯೋಧನ ಕಥೆಗಿಂತ ಇದೇ ಇಷ್ಟ.

ಕಡ್ಡಿ ನೆಟ್ಟವಳು:

ಇಬ್ಬರೂ ಲೋಟದ ಮಾತಾಡುತ್ತಿದ್ದೀರಿ. ನಾನು ಬಳ್ಳಿಯ ಮಾತಾಡುತ್ತೇನೆ. ಬಳ್ಳಿಗಾರರ ಹೆಸರಿಗೆ ಸ್ವಲ್ಪ ಗೌರವ ಬರಲಿ :)

ಸಿರಾದ ಕಾಳು ಚಿಕ್ಕದು, ಸ್ವಲ್ಪ ಮೊಟ್ಟೆಯಾಕಾರ. ಚಿಕ್ಕ ಕಾಳು ಅಂದರೆ ರಸಕ್ಕೆ ಹೋಲಿಸಿದರೆ ಸಿಪ್ಪೆ ಜಾಸ್ತಿ. ಬಣ್ಣ, ಒಗರು, ಪರಿಮಳದ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಒಳಗಿನ ತಿರುಳಿಗೆ ಬಣ್ಣವೇ ಇಲ್ಲ. ಮಸಿ ಬಣ್ಣಕ್ಕೆ ಬಿಸಿಲೊಂದೇ ಕಾರಣ ಅನ್ನುವುದು ಇಲ್ಲಿಗೇ ಬಿತ್ತು.

ಇನ್ನೊಂದು ಸಂಗತಿ ಇದೆ. ಇದನ್ನು ಬೆಳೆದವರಿಗೆ ಮಾತ್ರ ಇದರ ಕಾಟ ಗೊತ್ತು. ಹೂ ಬಿಟ್ಟು ಸುಮಾರು 90 ದಿನ ಆದ ಮೇಲೆ ಸಿರಾ ಕಾಳಿನ ತೂಕ ಏರುವುದು ನಿಲ್ಲುತ್ತದೆ. ಆಮೇಲೆ ಇಳಿಯಲು ಶುರು. ಬಳ್ಳಿಯಿಂದ ಕಾಳಿಗೆ ನೀರು ಬರುವುದು ಕಡಿಮೆಯಾಗುತ್ತದೆ, ಸಿಪ್ಪೆಯಿಂದ ಆವಿಯಾಗಿ ಹೋಗುವುದು ಮಾತ್ರ ನಿಲ್ಲುವುದಿಲ್ಲ. ಗೊನೆಯ ಹತ್ತಿರ ಬಗ್ಗಿ ನೋಡಿದರೆ ಕಾಣುತ್ತದೆ. ನಿನ್ನೆ ಬಿಗಿಯಾಗಿದ್ದ ಕಾಳಿನ ಮೇಲೆ ಇವತ್ತು ಸಣ್ಣ ಮಡಿಕೆ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ, ಮತ್ತೆ ಉಬ್ಬಿ ಬರುವುದಿಲ್ಲ. ನೀರು ಹೋದ ಮೇಲೆ ಒಳಗಿನ ಸಕ್ಕರೆ ಗಟ್ಟಿಯಾಯಿತು. ಸಕ್ಕರೆ ಗಟ್ಟಿಯಾದರೆ ಆಲ್ಕೋಹಾಲ್ ಏರಿತು. ನೀವು ಹೇಳುವ ಜಾಮ್ ವಾಸನೆ ಬರುವುದೂ ಈ ಹಂತದಲ್ಲೇ.

ಬೇರೆ ಎಷ್ಟೋ ತಳಿಗಳು ಇಷ್ಟು ಬೇಗ ಸುಕ್ಕುವುದಿಲ್ಲ. ಇದು ಸಿರಾದ ಹುಟ್ಟುಗುಣ. ಬಿಸಿ ಜಾಗದಲ್ಲಿ ಒಂದು ವಾರ ಕೊಯ್ಲು ತಡವಾದರೆ ವೈನ್‌ನ ಸ್ವಭಾವವೇ ಬದಲಾಗುತ್ತದೆ. ತಂಪು ಜಾಗದಲ್ಲಿ ಆ ಹಂತ ಬರುವಷ್ಟರಲ್ಲಿ ಋತುವೇ ಮುಗಿದಿರುತ್ತದೆ. ಅಂದರೆ ಖಡಕ್ ಆಗುವ ಗುಣ ಬಳ್ಳಿಯದ್ದೇ. ಅದನ್ನು ಎಲ್ಲಿಯವರೆಗೆ ಬಿಡಬೇಕು ಅನ್ನುವುದು ಜಾಗ ಮತ್ತು ಕೊಯ್ಯುವವರ ಕೈಯಲ್ಲಿದೆ.

ಬಳ್ಳಿಗಾರ:

ಮೇಡಂ, ಸುಕ್ಕುವ ವಿಷಯ ಒಪ್ಪಿದೆ. ಆದರೆ ಓಕ್? ಅಮೆರಿಕದ ಹೊಸ ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟು ವೆನಿಲಾ, ಕೊಬ್ಬರಿ ವಾಸನೆ ಏರಿಸಿದ ಮೇಲೆ 'ದ್ರಾಕ್ಷಿಯ ಗುಣ' ಅಂದರೆ ಹೇಗೆ? ಬರೋಸಾದ ಹೆಸರು ಬೆಳೆದದ್ದೇ ಅದರ ಮೇಲೆ.

ಹಳೇ ಪೀಪಾಯಿ:

ಓಕ್ ಮಾತು ಬಂತಲ್ಲ, ಮ್ಯಾಕ್ಸ್ ಶೂಬರ್ಟ್ ಕಥೆ ಹೇಳದೆ ಬಿಡುವುದಿಲ್ಲ.

ಆಸ್ಟ್ರೇಲಿಯಾದ ಪೆನ್‌ಫೋಲ್ಡ್ಸ್ ಕಂಪನಿಯ ವೈನ್ ತಯಾರಕ. 1950ರಲ್ಲಿ ಶೆರ್ರಿ ಮಾಡುವುದನ್ನು ಕಲಿಯಲು ಯುರೋಪ್‌ಗೆ ಹೋದವರು ಬೋರ್ದೋಗೂ ಹೋಗಿ ಬಂದರು. ಅಲ್ಲಿ ದಶಕಗಳ ಕಾಲ ಬಾಳುವ ವೈನ್ ಕುಡಿದು, ನಮ್ಮಲ್ಲೂ ಇಂಥದ್ದು ಮಾಡಬೇಕು ಅನ್ನಿಸಿತು. ಬೋರ್ದೋ ದ್ರಾಕ್ಷಿ ಕ್ಯಾಬರ್ನೇ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಆಗ ಸಾಕಷ್ಟು ಸಿಗುತ್ತಿರಲಿಲ್ಲ. ಶಿರಾಜ್ ಧಾರಾಳವಾಗಿತ್ತು. ಅದನ್ನೇ ತೆಗೆದುಕೊಂಡು, ಅಮೆರಿಕದ ಓಕ್ ಪೀಪಾಯಿಗೆ ತುಂಬಿಸಿದರು. ಆ ವೈನ್‌ನ ಹೆಸರು ಗ್ರೇಂಜ್, ಮೊದಲನೆಯದು 1951ರಲ್ಲಿ.

ರುಚಿ ನೋಡಿದ ಕಂಪನಿಯ ದೊಡ್ಡವರಿಗೆ ಹಿಡಿಸಲಿಲ್ಲ. ಆಗ ಅಲ್ಲಿ ಓಡುತ್ತಿದ್ದದ್ದು ಪೋರ್ಟ್ ಥರದ ಸಿಹಿ ವೈನ್. 1957ರಲ್ಲಿ ಇದನ್ನು ನಿಲ್ಲಿಸು ಅಂತ ಮೇಲಿನಿಂದ ಆದೇಶ ಬಂತು. ಶೂಬರ್ಟ್ ಮ್ಯಾಗಿಲ್ ನೆಲಮಾಳಿಗೆಯಲ್ಲಿ ಗುಟ್ಟಾಗಿ ಮುಂದುವರಿಸಿದರು. 1957, 1958, 1959, ಮೂರು ವರ್ಷದ ಗ್ರೇಂಜ್ ಹುಟ್ಟಿದ್ದು ಹೀಗೆ. ಹೊಸ ಓಕ್ ಖರೀದಿಗೆ ದುಡ್ಡು ಕೇಳುವ ಹಾಗಿಲ್ಲ, ಇದ್ದದ್ದರಲ್ಲೇ ಮಾಡಬೇಕಿತ್ತು. ಅಷ್ಟರಲ್ಲಿ ಹಳೆಯ ಬಾಟಲಿಗಳು ಮಾಗಿದವು, ರುಚಿ ನೋಡಿದವರ ಅಭಿಪ್ರಾಯ ಬದಲಾಯಿತು, 1960ಕ್ಕೆ ಮತ್ತೆ ಅನುಮತಿ ಸಿಕ್ಕಿತು.

ಅದೇ ಓಕ್‌ಗೆ ತೆಳು ದ್ರಾಕ್ಷಿ ಹಾಕಿ ನೋಡಿ. ವೆನಿಲಾ ಬಿಟ್ಟು ಬೇರೇನೂ ಸಿಗುವುದಿಲ್ಲ. ಹೊಸ ಓಕ್ ತಡೆಯುವ ಶಕ್ತಿ ಇದ್ದದ್ದಕ್ಕೇ ಶಿರಾಜ್ ಉಳಿಯಿತು.

ಇನ್ನೊಂದು ಮಾತು. 1989ರ ಸುಗ್ಗಿಯ ತನಕ ಆ ಬಾಟಲಿಯ ಮೇಲೆ 'ಗ್ರೇಂಜ್ ಹರ್ಮಿಟೇಜ್' ಅಂತಲೇ ಇರುತ್ತಿತ್ತು. ಹರ್ಮಿಟೇಜ್ ಅಂದರೆ ಎರ್ಮಿತಾಜ್‌ನ ಇಂಗ್ಲಿಷ್ ಉಚ್ಚಾರ. ಆಸ್ಟ್ರೇಲಿಯಾದವರು ತಮ್ಮ ದ್ರಾಕ್ಷಿಯ ಮನೆತನ ಮರೆತಿರಲಿಲ್ಲ.

ಮೆಣಸಿನ ಮೂಗು:

ಖಡಕ್ ಖಡಕ್ ಅಂತ ಆಲ್ಕೋಹಾಲ್ ಹಿಂದೆ ಬಿದ್ದಿದ್ದೀರಿ. ಸಿರಾದ ನಿಜವಾದ ಗುರುತು ಕರಿಮೆಣಸು. ಅದರ ಬಗ್ಗೆ ಒಬ್ಬರೂ ಮಾತಾಡುತ್ತಿಲ್ಲ. ನನ್ನ ಹೆಸರು ನೋಡಿದರೆ ಗೊತ್ತಾಗುತ್ತದೆ, ನಾನು ಬಂದದ್ದೇ ಇದಕ್ಕೆ.

ಸಿರಾದಲ್ಲಿ ಬರುವ ಮೆಣಸಿನ ವಾಸನೆ 'ಮೆಣಸಿನ ಥರ' ಇರುವುದಲ್ಲ. ಅದು ಮೆಣಸಿನದ್ದೇ ವಾಸನೆ. ರೊಟಂಡೋನ್ ಅನ್ನುವ ಒಂದು ರಾಸಾಯನಿಕ. ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯವರು 2008ರಲ್ಲಿ ಇದನ್ನು ಬಿಡಿಸಿ ಪ್ರಕಟಿಸಿದರು. ಶಿರಾಜ್‌ನಲ್ಲಿ ಹುಡುಕಿ ತೆಗೆದ ಮೇಲೆ ಕರಿಮೆಣಸಿನಲ್ಲಿ ನೋಡಿದರೆ, ಮೆಣಸಿಗೆ ಆ ವಾಸನೆ ಕೊಡುವುದೂ ಇದೇ. ಮೆಣಸನ್ನು ಮನುಷ್ಯ ಸಾವಿರಾರು ವರ್ಷದಿಂದ ಬಳಸುತ್ತಿದ್ದರೂ ಅದರ ವಾಸನೆಯ ಮೂಲ ಗೊತ್ತಾದದ್ದು ವೈನ್ ಹಿಂದೆ ಹೋದವರಿಂದ. ಎಂಥ ವಿಚಿತ್ರ!

ಒಂದು ಲೀಟರ್ ಕೆಂಪು ವೈನ್‌ನಲ್ಲಿ 16 ನ್ಯಾನೋಗ್ರಾಂ ಇದ್ದರೆ ಸಾಕು, ಮೂಗಿಗೆ ತಿಳಿಯುತ್ತದೆ. ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಭಾಗ ಅಂದರೆ ಒಂದು ನ್ಯಾನೋಗ್ರಾಂ, ಲೆಕ್ಕ ಹಾಕಿಕೊಳ್ಳಿ. ಆದರೆ ಮಜಾ ಇರುವುದು ಮುಂದಿನದರಲ್ಲಿ. ಪರೀಕ್ಷೆಗೆ ಕೂತವರಲ್ಲಿ ಐದರಲ್ಲಿ ಒಬ್ಬರಿಗೆ, ನೀರಿಗೆ ಲೀಟರ್‌ಗೆ 4,000 ನ್ಯಾನೋಗ್ರಾಂ ಹಾಕಿ ಕೊಟ್ಟರೂ ಏನೂ ಗೊತ್ತಾಗಲಿಲ್ಲ. ಪೂರ್ತಿ ಶೂನ್ಯ. ಹಾಗಾಗಿ ಒಂದೇ ಮೇಜಿನಲ್ಲಿ ಒಂದೇ ಬಾಟಲಿ ಕುಡಿದ ಇಬ್ಬರು, ಒಬ್ಬರು 'ಮೆಣಸು' ಅಂದು ಇನ್ನೊಬ್ಬರು 'ಎಲ್ಲಿದೆ ಮೆಣಸು' ಅಂದರೆ ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಈ ಚರ್ಚೆಯಲ್ಲೂ ಐದು ಜನ ಇದ್ದೇವೆ. ಸುಮ್ನೆ ಹೇಳಿದೆ.

ಬಳ್ಳಿಗಾರರ ಪ್ರಶ್ನೆಗೆ ಇದು ಹೇಗೆ ಸಂಬಂಧ ಅಂದರೆ, ರೊಟಂಡೋನ್ ಸಿಪ್ಪೆಯಲ್ಲಿರುತ್ತದೆ, ತಂಪಿದ್ದಷ್ಟೂ ಜಾಸ್ತಿ. ನೆರಳಿನ ಗೊನೆಯಲ್ಲಿ ಜಾಸ್ತಿ, ಬಿಸಿಲಿಗೆ ಮೈಯೊಡ್ಡಿದ ಗೊನೆಯಲ್ಲಿ ಕಡಿಮೆ. ಅದಕ್ಕೇ ಉತ್ತರ ರೋನ್‌ನಲ್ಲಿ ಮೆಣಸು ಎದ್ದು ಕಾಣುತ್ತದೆ, ಬರೋಸಾದ ನೆಲಮಟ್ಟದ ತೋಟಗಳಲ್ಲಿ ಅಡಗಿರುತ್ತದೆ. ಆದರೆ ಆಸ್ಟ್ರೇಲಿಯಾ ಅಂದರೆ ಬರೋಸಾ ಒಂದೇ ಅಲ್ಲ. ವಿಕ್ಟೋರಿಯಾದ ಗ್ರ್ಯಾಂಪಿಯನ್ಸ್ ಬೆಟ್ಟಗಳ ತಂಪಿನಲ್ಲಿ ಬೆಳೆದ ಶಿರಾಜ್ ಮೂಸಿ ನೋಡಿ. ಮೆಣಸು ಮುಖಕ್ಕೇ ಹೊಡೆಯುತ್ತದೆ.

ಸುಮ್ನೆ ಓದುಗ:

ಆ ಐದರಲ್ಲಿ ಒಬ್ಬ ನಾನೇ ಇರಬೇಕು. ಎಷ್ಟು ಮೂಸಿದರೂ ನನಗೆ ಬರೀ ಹಣ್ಣು, ಹೊಗೆ. ಇಷ್ಟು ದಿನ ಮೆಣಸು ಮೆಣಸು ಅನ್ನುವವರೆಲ್ಲ ಬಡಾಯಿ ಕೊಚ್ಚುತ್ತಿದ್ದಾರೆ ಅಂದುಕೊಂಡಿದ್ದೆ.

ಒಂದು ಪ್ರಶ್ನೆ. ಆಸ್ಟ್ರೇಲಿಯಾದಲ್ಲಿ ಪ್ರಪಂಚದಲ್ಲೇ ಹಳೆಯ ಸಿರಾ ಬಳ್ಳಿಗಳು ಇವೆ ಅನ್ನುತ್ತಾರಲ್ಲ, ಅದು ಹೇಗೆ? ಮೂಲ ಫ್ರಾನ್ಸ್ ಆದರೆ ಹಳೆಯ ಬಳ್ಳಿ ಅಲ್ಲಿರಬೇಕಿತ್ತು.

ಕಡ್ಡಿ ನೆಟ್ಟವಳು:

ಬೇರಿನ ಹೇನಿನಿಂದ. ಫಿಲಾಕ್ಸೆರಾ ಅನ್ನುವ, ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಚಿಕ್ಕ ಹುಳ. 1860ರ ದಶಕದಲ್ಲಿ ಅಮೆರಿಕದಿಂದ ಫ್ರಾನ್ಸ್‌ಗೆ ಹೋಗಿ, ಬೇರು ತಿಂದು ತಿಂದು ದೇಶದ ಬಹುಪಾಲು ದ್ರಾಕ್ಷಿ ತೋಟ ಒಣಗಿಸಿತು. ರೋನ್ ಕಣಿವೆಗೂ ಮೊದಮೊದಲೇ ಹೊಡೆತ ಬಿತ್ತು. ಆಮೇಲೆ ಅಮೆರಿಕದ ಬೇರಿನ ಮೇಲೆ ಕಸಿ ಕಟ್ಟಿ ಮತ್ತೆ ನೆಟ್ಟರು. ಹಾಗಾಗಿ ಇವತ್ತಿನ ಎರ್ಮಿತಾಜ್ ಬಳ್ಳಿಗಳು ಕಸಿಯವು.

ಆದರೆ ಅದಕ್ಕೆ ಮೊದಲೇ ಕಡ್ಡಿಗಳು ಹಡಗು ಹತ್ತಿದ್ದವು. ಜೇಮ್ಸ್ ಬಸ್ಬಿ ಅನ್ನುವವರು 1831ರಲ್ಲಿ ಸ್ಪೇನ್, ಫ್ರಾನ್ಸ್ ಸುತ್ತಿ, ಎರ್ಮಿತಾಜ್‌ಗೂ ಹೋಗಿ, ನೂರಾರು ತಳಿಗಳ ಕಡ್ಡಿ ಕಟ್ಟಿಸಿ ಸಿಡ್ನಿಗೆ ಕಳಿಸಿದರು. ಅಲ್ಲಿಂದ ಹಂಟರ್ ಕಣಿವೆ, ಆಮೇಲೆ ದಕ್ಷಿಣ ಆಸ್ಟ್ರೇಲಿಯಾ. ಅಲ್ಲಿಗೆ ಈ ಹೇನು ಇವತ್ತಿಗೂ ಕಾಲಿಟ್ಟಿಲ್ಲ. ಬೇರೆ ರಾಜ್ಯದಿಂದ ಕಡ್ಡಿ, ಮಣ್ಣು ಹತ್ತಿದ ಯಂತ್ರ ಒಳಗೆ ಬಿಡುವುದಕ್ಕೆ ಅಷ್ಟು ಕಟ್ಟುನಿಟ್ಟು. ಬರೋಸಾದ ಲ್ಯಾಂಗ್‌ಮೈಲ್‌ನಲ್ಲಿ 1843ರಲ್ಲಿ ನೆಟ್ಟ ಶಿರಾಜ್ ಈಗಲೂ ತನ್ನ ಸ್ವಂತ ಬೇರಿನ ಮೇಲೆ ನಿಂತು ಕಾಯಿ ಬಿಡುತ್ತಿದೆ. ಮುದುಕ ಆನೆಯ ಕಾಲಿನ ಹಾಗೆ ದಪ್ಪ, ಗಂಟುಗಂಟು ಕಾಂಡ.

ಇವು ಉಳಿದದ್ದೂ ಅದೃಷ್ಟ. 1980ರ ದಶಕದ ನಡುವೆ ದ್ರಾಕ್ಷಿ ಬೆಲೆ ನೆಲ ಕಚ್ಚಿದಾಗ, ಬಳ್ಳಿ ಕಿತ್ತುಹಾಕಿದರೆ ಸರ್ಕಾರವೇ ದುಡ್ಡು ಕೊಡುವ ಯೋಜನೆ ಬಂತು. ಹಳೆಯ ಬಳ್ಳಿಯಲ್ಲಿ ಇಳುವರಿ ಕಡಿಮೆ, ಹಾಗಾಗಿ ಮೊದಲು ಗರಗಸ ಬಿದ್ದದ್ದು ಅವುಗಳ ಮೇಲೆ. ನೂರು ವರ್ಷ ದಾಟಿದ ಎಷ್ಟೋ ತೋಟಗಳು ಸೌದೆಯಾದವು. ಬಳ್ಳಿ ಕೀಳಲು ಮನಸ್ಸು ಬಾರದ ಕೆಲವು ಬೆಳೆಗಾರರು, ಅವರಿಂದ ಹಟ ಹಿಡಿದು ಕೊಂಡ ಕೆಲವು ವೈನ್ ತಯಾರಕರು, ಇವರಿಂದ ಮಿಕ್ಕದ್ದು ಉಳಿಯಿತು. 2009ರಲ್ಲಿ ಬರೋಸಾದವರು ವಯಸ್ಸಿನ ಮೇಲೆ ಬಳ್ಳಿಗಳಿಗೆ ದರ್ಜೆ ಮಾಡಿದರು. 35 ದಾಟಿದ್ದು ಹಳೆಯದು, 70 ದಾಟಿದ್ದು ಬದುಕುಳಿದದ್ದು, 100 ದಾಟಿದ್ದು ಶತಾಯುಷಿ, 125 ದಾಟಿದ್ದು ಪೂರ್ವಜ. ಒಂದು ಕಾಲಕ್ಕೆ ಕೀಳಲು ದುಡ್ಡು ಕೊಟ್ಟಿದ್ದರು, ಈಗ ವಯಸ್ಸು ಬಾಟಲಿಯ ಮೇಲೆ ಬರೆಯುತ್ತಾರೆ.

ಫ್ರಾನ್ಸ್‌ನಲ್ಲಿ ಇದಕ್ಕೆ ತಿರುಗಾಮುರುಗಾ. 1958ರಲ್ಲಿ ಇಡೀ ದೇಶದಲ್ಲಿ ಸಿರಾ ಇದ್ದದ್ದು ಸುಮಾರು 1,600 ಹೆಕ್ಟೇರ್. ಈಗ 60,000 ಹೆಕ್ಟೇರ್‌ನ ಆಸುಪಾಸು. ಬಹುಪಾಲು ದಕ್ಷಿಣದಲ್ಲಿ. ಹಾಗೆ ಅವಸರದಲ್ಲಿ ನೆಟ್ಟದ್ದಕ್ಕೆ ಬೆಲೆಯೂ ತೆತ್ತರು. 1990ರ ದಶಕದಿಂದ ಅಲ್ಲಿ ಸಿರಾ ಬಳ್ಳಿಗಳು ಕಸಿ ಕಟ್ಟಿದ ಜಾಗದಲ್ಲಿ ಊದಿ, ಬಿರಿದು, ಎಲೆ ಕೆಂಪಗಾಗಿ ಸಾಯತೊಡಗಿದವು. ಒಂದೊಂದು ಕ್ಲೋನ್ (ಒಂದೇ ತಾಯಿ ಬಳ್ಳಿಯ ಕಡ್ಡಿಗಳಿಂದ ಬೆಳೆಸಿದ ಬಳ್ಳಿಗಳು) ಒಂದೊಂದು ಥರ. 470 ಅನ್ನುವ ಕ್ಲೋನ್ ತಡೆದುಕೊಳ್ಳುತ್ತದೆ, ಅದಕ್ಕೇ ಈಗ ನೆಡುವವರು ಅದನ್ನು ಕೇಳಿ ಪಡೆಯುತ್ತಾರೆ.

ಬಳ್ಳಿಗಾರ:

ಇಬ್ಬರೂ ಸೇರಿ ಚೆನ್ನಾಗಿ ಗುದ್ದಿದಿರಿ. ಆದರೂ ನಾನು ಬಿಡುವುದಿಲ್ಲ. ಎರ್ಮಿತಾಜ್ ಗಟ್ಟಿ, ಸರಿ. ಉತ್ತರ ರೋನ್‌ನದೇ ಕೋರ್ನಾಸ್ ಅದಕ್ಕಿಂತ ಒರಟು, ಅಲ್ಲಿ ಬರೀ ಸಿರಾ, ಬೇರೆ ಯಾವ ದ್ರಾಕ್ಷಿಯನ್ನೂ ಸೇರಿಸುವ ಹಾಗಿಲ್ಲ. ಅದೂ ಸರಿ. ಆದರೆ ಕೋತ್-ರೋತಿಯಲ್ಲಿ ಕೆಂಪು ವೈನ್‌ಗೆ ಬಿಳಿ ದ್ರಾಕ್ಷಿ ವಿಯೊನಿಯೆ ಸೇರಿಸುತ್ತಾರೆ. ನಿಯಮದ ಪ್ರಕಾರ ಶೇ. 20ರ ತನಕ ಬಿಟ್ಟಿದ್ದಾರೆ. ಖಡಕ್ ದ್ರಾಕ್ಷಿಗೆ ನೀರು ಹಾಕಿದ ಹಾಗಲ್ವಾ ಅದು?

ಮೆಣಸಿನ ಮೂಗು:

ಅಲ್ಲ ಗುರು, ಉಲ್ಟಾ. ಎರಡು ವೈನ್ ಮಾಡಿ ಆಮೇಲೆ ಬೆರೆಸುವುದಲ್ಲ ಅದು. ಎರಡೂ ದ್ರಾಕ್ಷಿಯನ್ನು ಒಂದೇ ತೊಟ್ಟಿಗೆ ಹಾಕಿ ಒಟ್ಟಿಗೆ ಹುದುಗಿಸುತ್ತಾರೆ. ವಿಯೊನಿಯೆ ಸಿಪ್ಪೆಯಲ್ಲಿರುವ ಕೆಲವು ಬಣ್ಣವಿಲ್ಲದ ಅಂಶಗಳು ಸಿರಾದ ಕೆಂಪು ಬಣ್ಣದ ಜೊತೆ ಕೂಡಿಕೊಂಡು ಅದನ್ನು ಹಿಡಿದು ನಿಲ್ಲಿಸುತ್ತವೆ. ಬಿಳಿ ಸೇರಿಸಿದರೂ ಬಣ್ಣ ಗಾಢವೇ. ಪರಿಮಳಕ್ಕೆ ಏಪ್ರಿಕಾಟ್, ಹೂವಿನ ಎಳೆ ಸೇರುತ್ತದೆ. 20 ಅನ್ನುವುದು ಕಾಗದದ ಮೇಲೆ. ಸಾಮಾನ್ಯವಾಗಿ ಹಾಕುವುದು ಬೆರಳೆಣಿಕೆಯಷ್ಟು ಪಾಲು. ಗಿಗಾಲ್ ಮನೆತನದ ಲಾ ಮೂಲಿನ್‌ನಲ್ಲಿ ಶೇ. 11ರಷ್ಟು, ಅದೇ ಮನೆಯ ಲಾ ಲಾಂದೋನ್‌ನಲ್ಲಿ ಸ್ವಲ್ಪವೂ ಇಲ್ಲ. ಎರಡೂ ಕೋತ್-ರೋತಿಯೇ.

ಅದೇ ಗಿಗಾಲ್ ವೈನ್‌ಗಳನ್ನು 1991ರಲ್ಲಿ ಪೀಪಾಯಿಯಿಂದಲೇ ರುಚಿ ನೋಡಿದ ಕ್ಲೊನಕಿಲ್ಲಾದ ಟಿಮ್ ಕರ್ಕ್, ಕ್ಯಾನ್‌ಬೆರಾ ಪಕ್ಕದ ತಮ್ಮ ತೋಟದಲ್ಲಿ 1992ರಿಂದ ಶಿರಾಜ್ ವಿಯೊನಿಯೆ ಶುರು ಮಾಡಿದರು. ಆಸ್ಟ್ರೇಲಿಯಾದ ಶಿರಾಜ್ ಭಾರವಾಗಿಯೇ ಇರಬೇಕು ಅನ್ನುವವರಿಗೆ ಅದು ಒಳ್ಳೆ ಉತ್ತರ. ಬಳ್ಳಿಗಾರರ ವಾದಕ್ಕೂ ಸ್ವಲ್ಪ ಬಲ ಸಿಕ್ಕಿತು ನೋಡಿ.

ಕಡ್ಡಿ ನೆಟ್ಟವಳು:

ಕೋತ್-ರೋತಿ ಅಂದಾಗ ನನಗೆ ನೆನಪಾಗುವುದು ಆ ಗೂಟಗಳು. ಸಿರಾದ ಚಿಗುರು ಉದ್ದ ಹೋಗುತ್ತದೆ, ಆದರೆ ನೆಟ್ಟಗೆ ನಿಲ್ಲುವುದಿಲ್ಲ. ಜೋತು ಬೀಳುತ್ತದೆ, ಗಾಳಿಗೆ ಬುಡದಲ್ಲೇ ಮುರಿಯುತ್ತದೆ. ರೋನ್ ಕಣಿವೆಯ ಗಾಳಿ ಅಂದರೆ ಮಿಸ್ತ್ರಾಲ್, ಸುಮ್ನೆ ಅಲ್ಲ. ಅದಕ್ಕೆ ಒಂದೊಂದು ಬಳ್ಳಿಗೂ ಮರದ ಗೂಟ ಹೊಡೆದು, ತುದಿಗಳನ್ನು ಜೋಡಿಸಿ ಕಟ್ಟಿ, ಚಿಗುರನ್ನು ಕೈಯಲ್ಲೇ ಬಿಗಿಯುತ್ತಾರೆ. ಅಷ್ಟು ಕಡಿದಾದ ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಹತ್ತುವುದಿಲ್ಲ. ಮಳೆಗೆ ಕೊಚ್ಚಿ ಕೆಳಗೆ ಬಂದ ಮಣ್ಣನ್ನು ಮತ್ತೆ ಮೇಲಕ್ಕೆ ಹೊರಬೇಕು. 1960-70ರ ದಶಕದಲ್ಲಿ ಎಷ್ಟೋ ಜನ ಈ ಕಷ್ಟ ಬೇಡ ಅಂತ ಗುಡ್ಡ ಬಿಟ್ಟು ಹೋದರು. ವೈನ್‌ಗೆ ಬೆಲೆ ಬಂದ ಮೇಲೆ ಮಕ್ಕಳು ತಿರುಗಿ ಹತ್ತಿದರು.

ಸುಮ್ನೆ ಓದುಗ:

ಇಷ್ಟೆಲ್ಲ ಓದಿದ ಮೇಲೆ ಕುಡಿದು ನೋಡದಿದ್ದರೆ ಹೇಗೆ? ಪಕ್ಕಪಕ್ಕ ಇಟ್ಟು ವ್ಯತ್ಯಾಸ ತಿಳಿಯಬೇಕು ಅಂದರೆ ಯಾವುದು ತೆಗೆದುಕೊಳ್ಳಲಿ? ಎರ್ಮಿತಾಜ್, ಗ್ರೇಂಜ್ ಅನ್ನಬೇಡಿ, ಜೇಬು ನೋಡಿ ಹೇಳಿ.

ಹಳೇ ಪೀಪಾಯಿ:

ಎರ್ಮಿತಾಜ್ ಗುಡ್ಡದ ಸುತ್ತಲೇ ಕ್ರೋಜ್-ಎರ್ಮಿತಾಜ್ ಇದೆ. ತೋಟ ದೊಡ್ಡದು, ಬೆಲೆ ಚಿಕ್ಕದು. ಅದೊಂದು. ಬರೋಸಾದ್ದು ಒಂದು. ವಿಕ್ಟೋರಿಯಾದ ತಂಪು ಜಾಗದ್ದು ಇನ್ನೊಂದು. ಮೂರೂ ಹತ್ತಿರ ಹತ್ತಿರದ ವರ್ಷದವಾಗಿರಲಿ, ಇಲ್ಲದಿದ್ದರೆ ನೀವು ವಯಸ್ಸನ್ನು ಹೋಲಿಸುತ್ತೀರಿ, ಜಾಗವನ್ನಲ್ಲ.

ತೀರ ಬೆಚ್ಚಗೆ ಕುಡಿಯಬೇಡಿ, 16ರಿಂದ 18 ಡಿಗ್ರಿ ಸಾಕು. ಬರೋಸಾದ್ದು ಬೆಚ್ಚಗಾದರೆ ಆಲ್ಕೋಹಾಲ್ ಮಾತ್ರ ಮೂಗಿಗೆ ಬರುತ್ತದೆ, ಆಮೇಲೆ ಬಳ್ಳಿಗಾರರ ವಾದವೇ ಸರಿ ಅನ್ನಿಸಿಬಿಡುತ್ತದೆ.

ಮೆಣಸಿನ ಮೂಗು:

ಕ್ರೋಜ್ ಬಾಟಲಿ ತೆರೆದ ಕೂಡಲೇ ಬೆಂಕಿಕಡ್ಡಿ ಗೀರಿದ ವಾಸನೆ, ಇಲ್ಲ ರಬ್ಬರ್ ವಾಸನೆ ಬಂದರೆ ಗಾಬರಿ ಬೇಡ, ಚೆಲ್ಲಬೇಡಿ. ಸಿರಾಕ್ಕೆ ತೊಟ್ಟಿಯಲ್ಲಿ ಗಾಳಿ ಸಾಲದೆ ಹೋದರೆ ಗಂಧಕದ ವಾಸನೆ ಹಿಡಿಯುವ ಚಾಳಿ ಇದೆ. ಅಗಲ ಬಾಯಿಯ ಹೂಜಿಗೆ ಸುರಿದು ಒಂದರ್ಧ ಗಂಟೆ ಬಿಡಿ. ಬಹಳ ಸಲ ಹೋಗುತ್ತದೆ.

ಬಳ್ಳಿಗಾರ:

ಮೂರನ್ನೂ ಹೆಸರು ಮುಚ್ಚಿ ಕುಡಿಯಿರಿ ಓದುಗರೇ. ಯಾವುದು ಯಾವುದು ಅಂತ ಬೇರೆಯವರ ಹತ್ತಿರ ಬರೆಸಿಟ್ಟುಕೊಳ್ಳಿ. ಬರೋಸಾದ್ದನ್ನು ಕ್ರೋಜ್ ಅಂತ ನೀವು ಗುರುತಿಸಿದರೆ ನಾನು ಸೋತೆ. ಇಲ್ಲದಿದ್ದರೆ ಓಕ್ ಮತ್ತು ಬಿಸಿಲಿನ ವಿಷಯಕ್ಕೆ ಮತ್ತೆ ಬರುತ್ತೇನೆ.